ಚೌಕಳಿ ಕಾಗದದ ಮೇಲಿನ ಮಾವಿನಕಾಯಿ



*ದಿನಕ್ಕೊಂದು ಚಿಂತನೆ*

ಧಮ್ಮಬಂಧುಗಳೇ,

ಇವತ್ತಿನ ಚಿಂತನೆ ದಿನದ್ದಕ್ಕಿಂತ ಉದ್ದ ಇದೆ. ಬೆಳಗಿನ ಗಡಿಬಿಡಿಯಲ್ಲಿ ಓದಬೇಡಿ. ಸಂಜೆ ಚಹಾ ಇಟ್ಟುಕೊಂಡು ಕೂತು ಓದಿ.

ಹೋದ ವಾರ ನಮ್ಮ ಬಳಗಕ್ಕೆ ಒಂದು ಫಾರ್ವರ್ಡ್ ಬಂತು. ಜಗತ್ತೆಲ್ಲ ಬಿಡಿಬಿಡಿ ಕಣಗಳಿಂದ, ಬಿಡಿಬಿಡಿ ಕ್ಷಣಗಳಿಂದ ಆಗಿದೆ ಎಂದು ಬುದ್ಧ 2500 ವರ್ಷಗಳ ಹಿಂದೆಯೇ ಹೇಳಿಬಿಟ್ಟಿದ್ದ, ವಿಜ್ಞಾನಿಗಳು ಈಗ ಅದನ್ನೇ ಒಪ್ಪಿಕೊಂಡಿದ್ದಾರೆ ಎಂದು ಅದರಲ್ಲಿತ್ತು. ಬಹಳ ಮಂದಿ ಕೈ ಮುಗಿದರು. ಐತವಾರದ ವಂದನೆ ಮುಗಿದ ಮೇಲೆ ಬಿಎಸ್‌ಸಿ ಓದುವ ಹುಡುಗಿಯೊಬ್ಬಳು ನನ್ನ ಹತ್ತಿರ ಬಂದು ಕೇಳಿದಳು: "ಸರ್, ಇದು ಖರೇ ಐತೇನ್ರಿ? ನಮ್ಮ ಕಾಲೇಜಿನ್ಯಾಗ ಹಂಗ ಹೇಳಿಲ್ರಿ."

ನಾನು ಕನ್ನಡ ಎಂಎ. ವಿಜ್ಞಾನ ಓದಿದ್ದು ಹತ್ತನೇ ಇಯತ್ತೆಯವರೆಗೆ. "ತಿಳ್ಕೊಂಡು ಹೇಳ್ತೀನವಾ" ಅಂದೆ. ಧಾರವಾಡದಲ್ಲಿ ಭೌತವಿಜ್ಞಾನದ ಎಂಎಸ್‌ಸಿ ಓದುತ್ತಿರುವ ನನ್ನ ಹಳೆಯ ವಿದ್ಯಾರ್ಥಿಗೆ ಫೋನ್ ಮಾಡಿದೆ. ಎರಡು ಸಂಜೆ ಅವನು ಪಾಠ ಹೇಳಿದ, ನಾನು ಕೇಳಿದೆ. ಅಲ್ಲಿ ತಿಳಿದದ್ದು ಆ ಫಾರ್ವರ್ಡ್‌ಗಿಂತ ದೊಡ್ಡದು ಅನಿಸಿತು. ಅದನ್ನು ಇಲ್ಲಿ ಬರೆಯುತ್ತಿದ್ದೇನೆ.

*1. ಬನಹಟ್ಟಿಯ ಕಾಗದ*

ಬನಹಟ್ಟಿಯಲ್ಲಿ ನನಗೆ ಗೊತ್ತಿರುವ ಒಬ್ಬ ಕಾಕಾ ಇದ್ದಾರೆ. ಸೀರೆಗೆ ಡಿಜೈನ್ ಬರೆಯುವುದು ಅವರ ಕೆಲಸ. ಮೊದಲು ಬಿಳಿ ಕಾಗದದ ಮೇಲೆ ಕೈಯಿಂದ ಮಾವಿನಕಾಯಿ ಬರೆಯುತ್ತಾರೆ. ನುಣುಪಾದ ಗೆರೆ, ಎಲ್ಲೂ ಮುರಿಯದ ಡೊಂಕು. ಆಮೇಲೆ ಅದನ್ನು ಗ್ರಾಫ್ ಕಾಗದಕ್ಕೆ ಇಳಿಸುತ್ತಾರೆ. ಒಂದು ಚೌಕ ಎಂದರೆ ಹಾಸಿನ ಒಂದು ಎಳೆ, ಹೊಕ್ಕಿನ ಒಂದು ಎಳೆ ಕೂಡುವ ಜಾಗ. ತುಂಬಿದ ಚೌಕದಲ್ಲಿ ಎಳೆ ಮೇಲೆ ಬರುತ್ತದೆ, ಖಾಲಿ ಚೌಕದಲ್ಲಿ ಕೆಳಗೆ ಹೋಗುತ್ತದೆ. ಅರ್ಧ ತುಂಬಿದ ಚೌಕ ಎಂಬುದು ಮಗ್ಗಕ್ಕೆ ತಿಳಿಯುವುದಿಲ್ಲ. ಹಾಗಾಗಿ ಮಾವಿನಕಾಯಿಯ ಡೊಂಕು ಗೆರೆ ಕಾಗದದ ಮೇಲೆ ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತದೆ.

"ಇದು ಮಾವಿನಕಾಯಿ ಹೆಂಗ ಆಗತೈತಿ ಕಾಕಾ, ಮೆಟ್ಟಲಾ ಕಾಣತಾವಲ್ಲ?" ಎಂದು ಕೇಳಿದ್ದೆ.

"ಮೆಟ್ಟಲಾ ಕಾಗದದ್ದು, ಕಾಯಿ ನಂದು. ಚೌಕ ಸಣ್ಣ ಮಾಡಿದಷ್ಟೂ ಮೆಟ್ಟಲಾ ಕರಗತಾವು, ಕಾಯಿ ಉಳೀತೈತಿ" ಅಂದರು.

ಆ ಮಾತು ನೆನಪಿಡಿ. ಮುಂದೆ ಹೇಳುವುದೆಲ್ಲ ಅದರ ಮೇಲೆಯೇ ನಿಂತಿದೆ.

*2. ವಿಜ್ಞಾನಿಗಳ ಚೌಕಳಿ*

ನಮ್ಮ ಮೈ, ಈ ನೆಲ, ಕೃಷ್ಣೆಯ ನೀರು, ಎಲ್ಲದರ ತೂಕವೂ ಬಹುಪಾಲು ಪ್ರೋಟಾನ್ ಮತ್ತು ನ್ಯೂಟ್ರಾನ್ ಎಂಬ ಕಣಗಳ ತೂಕ. ಪ್ರೋಟಾನಿನ ಒಳಗೆ ಮೂರು ಕ್ವಾರ್ಕ್‌ಗಳಿವೆ ಎನ್ನುತ್ತಾರೆ. ಆ ಕ್ವಾರ್ಕ್‌ಗಳನ್ನು ಹಿಡಿದಿಡುವ ಬಲದ ಸಮೀಕರಣ 1970ರ ದಶಕದ ಆರಂಭದಲ್ಲೇ ಕೈಗೆ ಸಿಕ್ಕಿತ್ತು. ಆದರೆ ಅದರಿಂದ ಪ್ರೋಟಾನಿನ ತೂಕವನ್ನು ಲೆಕ್ಕ ಹಾಕಿ ತೆಗೆಯಲು ಆಗುತ್ತಿರಲಿಲ್ಲ. ಆ ಸಮೀಕರಣದಲ್ಲಿ ಜಾಗವೂ ಕಾಲವೂ ಎಲ್ಲೂ ಕಡಿಯದೆ ಹರಿಯುತ್ತವೆ. ಯಾವ ಎರಡು ಬಿಂದು ತೆಗೆದುಕೊಂಡರೂ ನಡುವೆ ಇನ್ನೊಂದು ಬಿಂದು ಇರುತ್ತದೆ. ಪ್ರತಿ ಬಿಂದುವಿನಲ್ಲೂ ಬಲ ಅಲುಗುತ್ತಿರುತ್ತದೆ. ಎಲ್ಲವನ್ನೂ ಕೂಡಿಸಲು ಹೋದರೆ ಉತ್ತರ ಅನಂತ.

1974ರಲ್ಲಿ ಅಮೆರಿಕದ ಕೆನೆತ್ ವಿಲ್ಸನ್ ಒಂದು ದಾರಿ ತೋರಿಸಿದರು. ದೇಶ-ಕಾಲವನ್ನೇ ಗ್ರಾಫ್ ಕಾಗದದಂತೆ ಚೌಕಳಿ ಮಾಡಿಬಿಡಿ. ಕ್ವಾರ್ಕ್‌ಗಳು ಎಳೆ ಕೂಡುವ ಬಿಂದುಗಳ ಮೇಲೆ ಇರಲಿ, ಬಲವು ಬಿಂದುವಿನಿಂದ ಬಿಂದುವಿಗೆ ಹೋಗುವ ಎಳೆಯ ಮೇಲೆ ಇರಲಿ. ಈಗ ಬಿಂದುಗಳನ್ನು ಎಣಿಸಬಹುದು. ಎಣಿಸಬಹುದಾದದ್ದನ್ನು ಕಂಪ್ಯೂಟರ್ ಕೂಡಿಸಬಲ್ಲದು. ಇದಕ್ಕೆ ಲ್ಯಾಟಿಸ್ ವಿಧಾನ ಎಂದು ಹೆಸರು. ನಮ್ಮ ದೇಶದಲ್ಲೂ ಈ ಕೆಲಸ ನಡೆದಿದೆ. ಮುಂಬೈನ ಟಾಟಾ ಸಂಸ್ಥೆಯಲ್ಲಿ ಮಾಡುವವರಿದ್ದಾರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಪೂರ್ವ ಪಟೇಲ್ ಅವರು ಇದರಲ್ಲಿ ಕೆಲಸ ಮಾಡಿದ್ದಾರೆ.

ಆದರೆ ಚೌಕಳಿ ಹಾಕಿದ ಕೂಡಲೇ ಮೆಟ್ಟಿಲು ಬರುತ್ತವೆ. ಎರಡು ಉದಾಹರಣೆ ಕೊಡುತ್ತೇನೆ.

ಮೊದಲನೆಯದು ದಿಕ್ಕು. ಖಾಲಿ ಜಾಗದಲ್ಲಿ ಯಾವ ದಿಕ್ಕೂ ಹೆಚ್ಚಲ್ಲ, ಯಾವುದೂ ಕಡಿಮೆಯಲ್ಲ. ಚೌಕಳಿಯ ಮೇಲೆ ಹಾಗಲ್ಲ. ಎಳೆಯ ಗುಂಟ ಹೋಗುವುದೇ ಬೇರೆ, ಓರೆಯಾಗಿ ಹೋಗುವುದೇ ಬೇರೆ. ಬಟ್ಟೆಯನ್ನು ಎಳೆಯ ಗುಂಟ ಜಗ್ಗಿದರೆ ಬಿಗಿಯಾಗಿರುತ್ತದೆ, ಓರೆಗೆ ಜಗ್ಗಿದರೆ ಹಿಗ್ಗುತ್ತದೆ. ಇದು ಯಾವ ಟೇಲರನ್ನು ಕೇಳಿದರೂ ಗೊತ್ತು. ಜಗತ್ತಿನಲ್ಲಿ ಇಲ್ಲದ ಮೇಲು-ಕೀಳನ್ನು ಚೌಕಳಿ ತಾನೇ ತಂದು ಹಾಕುತ್ತದೆ.

ಎರಡನೆಯದು ಇನ್ನೂ ವಿಚಿತ್ರ. ಒಂದು ಕ್ವಾರ್ಕನ್ನು ಸೀದಾ ಚೌಕಳಿಯ ಮೇಲೆ ಇಟ್ಟರೆ ಲೆಕ್ಕದಲ್ಲಿ ಹದಿನಾರು ಕಣ ಕಾಣಿಸುತ್ತವೆ! ಒಂದೊಂದು ಆಯಾಮಕ್ಕೂ ಎರಡೆರಡಾಗುತ್ತವೆ. ಜಾಗದ ಮೂರು, ಕಾಲದ ಒಂದು, ಒಟ್ಟು ನಾಲ್ಕು. ಎರಡನ್ನು ನಾಲ್ಕು ಸಲ ಗುಣಿಸಿದರೆ ಹದಿನಾರು. ಖರೇ ಇರುವುದು ಒಂದು. ಉಳಿದ ಹದಿನೈದು ಚೌಕಳಿ ಹಡೆದವು. ಅವು ಲೆಕ್ಕದಲ್ಲಿ ಖರೇ ಕಣದ ಹಾಗೆಯೇ ನಡೆದುಕೊಳ್ಳುತ್ತವೆ, ಮುಖ ನೋಡಿ ಗುರುತು ಹಿಡಿಯಲು ಬರುವುದಿಲ್ಲ. ಪುಕ್ಕಟೆಯಾಗಿ ಅವನ್ನು ಕಳೆದುಕೊಳ್ಳುವುದು ಸಾಧ್ಯವಿಲ್ಲ, ಏನಾದರೊಂದು ಬೆಲೆ ಕೊಡಲೇಬೇಕು ಎಂದು ನೀಲ್ಸನ್ ಮತ್ತು ನಿನೊಮಿಯ ಎಂಬ ಇಬ್ಬರು 1981ರಲ್ಲಿ ಗಣಿತದಿಂದಲೇ ತೋರಿಸಿದರು.

*3. ಗುರುತು ಹಿಡಿಯುವುದು ಹೇಗೆ?*

ಹಾಗಾದರೆ ಯಾವುದು ಜಗತ್ತಿನದು, ಯಾವುದು ಚೌಕಳಿಯದು? ಬನಹಟ್ಟಿ ಕಾಕಾ ಹೇಳಿದ ಪರೀಕ್ಷೆಯೇ ಇಲ್ಲೂ ಇದೆ. ಚೌಕ ಸಣ್ಣ ಮಾಡಿ ನೋಡಬೇಕು. ಒಮ್ಮೆ ಲೆಕ್ಕ ಮಾಡಿ, ಚೌಕ ಚಿಕ್ಕದು ಮಾಡಿ ಮತ್ತೆ ಲೆಕ್ಕ ಮಾಡಿ, ಇನ್ನೂ ಚಿಕ್ಕದು ಮಾಡಿ ಮತ್ತೆ ಮಾಡಿ. ಚೌಕದ ಜೊತೆ ಕರಗುತ್ತಾ ಹೋಗುವುದು ಚೌಕಳಿಯದು. ಆ ಹದಿನೈದು ಕಣಗಳ ಮಾತು ಬಿಟ್ಟರೆ, ಕರಗದೆ ನಿಲ್ಲುವುದು ಜಗತ್ತಿನದು.

2008ರಲ್ಲಿ ಯುರೋಪಿನ ಒಂದು ತಂಡ ಇದನ್ನು ಮಾಡಿತು. ಒಂದು ಮೀಟರನ್ನು ಹತ್ತು ಕೋಟಿ ಕೋಟಿ ಭಾಗ ಮಾಡಿದರೆ ಸಿಗುವ ಒಂದು ಭಾಗಕ್ಕೆ ಫೆಮ್ಟೋಮೀಟರ್ ಎನ್ನುತ್ತಾರೆ. ಅವರು ಸುಮಾರು 0.125, 0.085, 0.065 ಫೆಮ್ಟೋಮೀಟರಿನ ಮೂರು ಅಳತೆಯ ಚೌಕಳಿ ಹಾಕಿ, ಮೂರರಲ್ಲೂ ಲೆಕ್ಕ ಮಾಡಿ, ಚೌಕ ಸೊನ್ನೆಯಾದರೆ ಏನು ಉಳಿಯುತ್ತದೆ ಎಂದು ನೋಡಿದರು. ಆ ಕಣದ ತೂಕ 936 ಮೆಗಾ ಎಲೆಕ್ಟ್ರಾನ್‌ವೋಲ್ಟ್ ಎಂದು ಬಂತು, ಮೂವತ್ತು ಮೂವತ್ತೈದರಷ್ಟು ಹೆಚ್ಚುಕಡಿಮೆಯ ಅಂಚಿನೊಂದಿಗೆ. ಪ್ರಯೋಗಶಾಲೆಯಲ್ಲಿ ಅಳೆದದ್ದು 939. ತಮ್ಮ ಉತ್ತರದ ಜೊತೆಗೇ ತಮ್ಮ ತಪ್ಪಿನ ಅಂಚು ಎಷ್ಟು ಎಂದು ಅವರು ಬರೆದುಕೊಟ್ಟರು. ನಮ್ಮ ಭಾಷಣಗಳಲ್ಲಿ ನಾವು ಎಂದಾದರೂ ಹಾಗೆ ಮಾಡುತ್ತೇವೆಯೇ?

ಇನ್ನೊಂದು ಮಾತು. ಮೂರು ಕ್ವಾರ್ಕ್‌ಗಳ ಸ್ವಂತ ತೂಕವನ್ನು ಕೂಡಿಸಿದರೆ ಪ್ರೋಟಾನಿನ ತೂಕದಲ್ಲಿ ನೂರಕ್ಕೆ ಒಂದು ಪಾಲು ಮಾತ್ರ. ಉಳಿದದ್ದೆಲ್ಲ ಮುಖ್ಯವಾಗಿ ಅವುಗಳ ಚಲನೆಯಿಂದ, ಅವುಗಳ ನಡುವಿನ ಬಲದ ಶಕ್ತಿಯಿಂದ ಬಂದದ್ದು. ಇದನ್ನು ಕೇಳಿದಾಗ "ನೋಡಿ, ಪ್ರತೀತ್ಯ ಸಮುತ್ಪಾದ!" ಎಂದು ಫಾರ್ವರ್ಡ್ ಮಾಡಲು ನನಗೂ ಕೈ ತುರಿಸಿತು. ಮಾಡಲಿಲ್ಲ. ಬುದ್ಧ ಹೇಳಿದ್ದು ದುಃಖ ಹೇಗೆ ಹುಟ್ಟುತ್ತದೆ, ಹೇಗೆ ನಿಲ್ಲುತ್ತದೆ ಎಂಬುದನ್ನು. ಪ್ರೋಟಾನಿನ ತೂಕವನ್ನು ಆತ ಹೇಳಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ. ಯಾರದೋ ಕಷ್ಟದ ಲೆಕ್ಕವನ್ನು ನಮ್ಮ ಗುರುವಿನ ಹೆಸರಿಗೆ ಬರೆದುಕೊಳ್ಳುವುದು ಕೊಡದೆ ಇದ್ದದ್ದನ್ನು ತೆಗೆದುಕೊಂಡಂತೆ. ಎರಡನೆಯ ಶೀಲ ಅಲ್ಲಿ ಮುರಿಯುತ್ತದೆ.

*4. ಚೌಕಳಿ ಖರೇ ಇದೆಯೇ?*

ಇಲ್ಲಿ ತಾತ್ವಿಕ ಪ್ರಶ್ನೆ ಏಳುತ್ತದೆ. ಕೆಲವರು ಹೇಳುತ್ತಾರೆ: ಚೌಕಳಿ ಬರೀ ಸಲಕರಣೆ. ಮನೆ ಕಟ್ಟುವಾಗ ಕಟ್ಟುವ ಬೊಂಬಿನ ಹಾಗೆ, ಕಟ್ಟಿದ ಮೇಲೆ ಬಿಚ್ಚಬೇಕು. ಇನ್ನು ಕೆಲವರು ಹೇಳುತ್ತಾರೆ: ಕಡಿಯದೆ ಹರಿಯುವ ಜಾಗವನ್ನು ಯಾರು ಕಂಡಿದ್ದಾರೆ? ಅದೂ ನಮ್ಮ ಕಲ್ಪನೆಯೇ, ಎಣಿಸಬಹುದಾದದ್ದಷ್ಟೇ ಗಟ್ಟಿ. ಎರಡನೆಯವರ ಮಾತು ಹಗುರವಲ್ಲ. ಚೌಕ ಸೊನ್ನೆಯಾದಾಗಲೂ ಈ ಸಿದ್ಧಾಂತ ಸರಿಯಾಗಿ ನಿಲ್ಲುತ್ತದೆ ಎಂದು ಗಣಿತದಿಂದ ಸಾಧಿಸಿದವರು ಇನ್ನೂ ಇಲ್ಲ. 2000ದಲ್ಲಿ ಅಮೆರಿಕದ ಕ್ಲೇ ಗಣಿತ ಸಂಸ್ಥೆ ಹತ್ತು ಲಕ್ಷ ಡಾಲರ್ ಬಹುಮಾನ ಇಟ್ಟ ಏಳು ಪ್ರಶ್ನೆಗಳಲ್ಲಿ ಇದಕ್ಕೆ ಸಂಬಂಧಪಟ್ಟದ್ದೂ ಒಂದು.

ನಮ್ಮ ಬೌದ್ಧ ಪರಂಪರೆಯಲ್ಲಿ ಇಂಥದೇ ಜಗಳ ನಡೆದಿತ್ತು. ಆ ಫಾರ್ವರ್ಡ್ ಬರೆದವರಿಗೆ ಇದು ಗೊತ್ತಿದ್ದರೆ ಚೆನ್ನಾಗಿತ್ತು. ವೈಭಾಷಿಕರು ಪರಮಾಣುಗಳಿವೆ ಎಂದರು. ವಸುಬಂಧು ತನ್ನ 'ವಿಂಶತಿಕಾ'ದಲ್ಲಿ ಅದನ್ನು ಪ್ರಶ್ನಿಸಿದ. ಅವನ ವಾದ ಹೀಗಿದೆ: ಒಂದು ಪರಮಾಣುವಿಗೆ ಆರು ಕಡೆಯಿಂದ ಆರು ಪರಮಾಣು ಅಂಟಿದರೆ ಅದಕ್ಕೆ ಆರು ಮಗ್ಗುಲಾಯಿತು. ಮಗ್ಗುಲು ಇದ್ದದ್ದು ಭಾಗ ಮಾಡಲಾಗದ್ದು ಹೇಗಾದೀತು? ಆರೂ ಒಂದೇ ಜಾಗದಲ್ಲಿ ಕೂತಿವೆ ಎಂದರೆ ಗುಡ್ಡವೂ ಒಂದು ಪರಮಾಣುವಿನಷ್ಟೇ ಇರಬೇಕಾಗುತ್ತದೆ. ಬೌದ್ಧರು ಬೌದ್ಧರನ್ನೇ ಹೀಗೆ ಕೇಳಿದರು. ಗ್ರಂಥದಲ್ಲಿದೆ ಎಂದು ಒಪ್ಪಬೇಡಿ, ಗುರು ಹೇಳಿದ ಎಂದು ಒಪ್ಪಬೇಡಿ ಎಂಬ ಕಾಲಾಮ ಸುತ್ತದ ಬುದ್ಧಿವಾದಕ್ಕೆ ತಕ್ಕ ನಡತೆ ಅದು.

ವಸುಬಂಧುವಿನ ಪ್ರಶ್ನೆಯನ್ನು ಧಾರವಾಡದ ಹುಡುಗನಿಗೆ ಫೋನಿನಲ್ಲಿ ಹೇಳಿದೆ. ಅವನು ನಕ್ಕು ಅಂದ: "ಸರ್, ನಮ್ಮ ಚೌಕಳಿಯ ಬಿಂದುವಿಗೂ ಜಾಗದಾಗ ಆರ ಮಂದಿ ನೆರೆಯವ್ರು ಅದಾರ್ರಿ. ಆದ್ರ ಆ ಬಿಂದು ವಸ್ತು ಅಲ್ರಿ, ವಿಳಾಸ."

ವಿಳಾಸ! ಮನೆ ನಂಬರ್ ಇಲ್ಲದೆ ಪೋಸ್ಟ್ ಬರುವುದಿಲ್ಲ. ಹಾಗೆಂದು ನಂಬರ್ ಒಳಗೆ ಯಾರೂ ವಾಸ ಮಾಡುವುದಿಲ್ಲ.

ಮಜ್ಝಿಮ ನಿಕಾಯದ ಅಲಗದ್ದೂಪಮ ಸುತ್ತದಲ್ಲಿ ಬುದ್ಧ ಹೇಳುವ ತೆಪ್ಪದ ಕಥೆ ನಿಮಗೆಲ್ಲ ಗೊತ್ತಿದೆ. ಹೊಳೆ ದಾಟಲು ಒಬ್ಬ ತೆಪ್ಪ ಕಟ್ಟುತ್ತಾನೆ. ದಾಟಿದ ಮೇಲೆ ಅದನ್ನು ತಲೆಯ ಮೇಲೆ ಹೊತ್ತು ನಡೆಯುವವನು ತೆಪ್ಪವನ್ನು ಸರಿಯಾಗಿ ಬಳಸಿದವನಲ್ಲ. ಈ ಭಾಗವನ್ನು ನಾವು ಬಹಳ ಹೇಳುತ್ತೇವೆ. ಹೊಳೆಯ ನಡುನೀರಿನಲ್ಲಿ ತೆಪ್ಪ ಬಿಡಬಾರದು ಎಂಬ ಅರ್ಥವೂ ಅದೇ ಕಥೆಯಿಂದ ಹೊರಡುತ್ತದೆ. ಅದನ್ನು ಮರೆಯುತ್ತೇವೆ.

*5. ಆಯಿ ಕೇಳಿದ ಪ್ರಶ್ನೆ*

ಇಷ್ಟೆಲ್ಲ ಯಾಕೆ ಬರೆದೆ ಎಂದರೆ ನನ್ನ ತಲೆಯಲ್ಲಿ ಬೇರೊಂದು ಚೌಕಳಿ ಕೂತಿತ್ತು.

2025ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಹಿಂದುಳಿದ ವರ್ಗಗಳ ಆಯೋಗದ ಸಮೀಕ್ಷೆ ಶುರುವಾದಾಗ ಬಹಳ ಶಿಕ್ಷಕರ ಹಾಗೆ ನಾನೂ ಮೊಬೈಲ್ ಹಿಡಿದು ಮನೆಮನೆಗೆ ಹೋದೆ. ಊರಿನ ಹೆಸರು ಬೇಡ. ಒಂದು ಮನೆಯಲ್ಲಿ ಬಾಬಾಸಾಹೇಬರ ಫೋಟೋ, ಪಕ್ಕದಲ್ಲಿ ಬುದ್ಧನ ಫೋಟೋ. ಕಟ್ಟೆಯ ಮೇಲೆ ಆಯಿ ಕೂತಿದ್ದರು. ಧರ್ಮದ ಕಾಲಂ ಬಂತು, "ಬೌದ್ಧ" ಎಂದು ಗಟ್ಟಿಯಾಗಿ ಹೇಳಿದರು. ಮುಂದೆ ಜಾತಿಯ ಕಾಲಂ ಬಂತು. ಆಯಿ ಸುಮ್ಮನಾದರು. ಆಮೇಲೆ ಕೇಳಿದರು:

"ಯಪ್ಪಾ ಮಾಸ್ತರ, ದೀಕ್ಷಾ ತಗೊಂಡು ಇಷ್ಟ ವರ್ಷ ಆತು. ಇನ್ನೂ ಆ ಹೆಸರ ಬರೀಬೇಕೇನು?"

ನಾನು ಕಾನೂನು ಹೇಳಿದೆ. 1950ರ ಪರಿಶಿಷ್ಟ ಜಾತಿಗಳ ಆದೇಶದಲ್ಲಿ ಮೊದಲು ಬಹುಮಟ್ಟಿಗೆ ಹಿಂದೂಗಳಿಗೆ ಮಾತ್ರ ಜಾಗ ಇತ್ತು, 1956ರಲ್ಲಿ ಸಿಖ್ಖರನ್ನು ಸೇರಿಸಿದರು, 1990ರಲ್ಲಿ ಬೌದ್ಧರನ್ನೂ ಸೇರಿಸಿದರು. ಹಾಗಾಗಿ ಬೌದ್ಧ ಎಂದು ಬರೆಸಿದರೂ ಮೀಸಲಾತಿ ಹೋಗುವುದಿಲ್ಲ, ಆದರೆ ಜಾತಿಯ ಹೆಸರು ಬೇಕಾಗುತ್ತದೆ. "ಬರೀಲೋ ಬ್ಯಾಡೋ, ನೀವು ಹೇಳಿದಂಗ ಆಯಿ" ಅಂದೆ.

ಆಯಿ ಒಳಗೆ ಓದುತ್ತಾ ಕೂತಿದ್ದ ಮೊಮ್ಮಗಳ ಕಡೆ ನೋಡಿದರು. "ಬರಿ. ಅಕಿ ಹಾಸ್ಟೆಲ್ ಸಲುವಾಗಿ ಬರಿ. ಆದ್ರ ಓದಿ ಹೇಳಬ್ಯಾಡ."

ನಾನು ಬರೆದೆ, ಓದಲಿಲ್ಲ. ಆ ದಿನದಿಂದ ಒಂದು ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಜಾತಿ ಸುಳ್ಳು ಎಂದು ಐತವಾರ ಹೇಳುವ ನಾನು ಸೋಮವಾರ ಅದನ್ನೇ ಬರೆದುಕೊಂಡೆನಲ್ಲ, ಇದು ಯಾವ ಧಮ್ಮ?

ಜಾತಿ ಇಟ್ಟಂಗಿ ಗೋಡೆಯಂಥದಲ್ಲ, ಅದು ಮನಸ್ಸಿನಲ್ಲಿರುವ ಕಲ್ಪನೆ ಎಂದು ಬಾಬಾಸಾಹೇಬರು 1936ರ 'ಜಾತಿ ವಿನಾಶ'ದಲ್ಲಿ ತಿಳಿಸಿದ್ದಾರೆ. ಮನುಷ್ಯರ ಮೇಲೆ ಹಾಕಿದ ಚೌಕಳಿ ಅದು. ಎಲ್ಲ ದಿಕ್ಕೂ ಸಮ ಇದ್ದಲ್ಲಿ ಮೇಲು-ಕೀಳು ತಂದಿತು. ಒಬ್ಬ ಮನುಷ್ಯ ಇದ್ದಲ್ಲಿ ಹದಿನಾರು ಬಗೆ ಮಾಡಿ, ಹದಿನಾರೂ ಹುಟ್ಟಿನಿಂದಲೇ ಬಂದವು ಎಂದು ನಂಬಿಸಿತು.

ಆದರೆ ಹೋಲಿಕೆ ಒಂದು ಕಡೆ ಮುರಿಯುತ್ತದೆ, ಅದನ್ನು ಮುಚ್ಚಿಡಬಾರದು. ಪ್ರೋಟಾನಿಗೆ ತನ್ನ ಮೇಲೆ ಚೌಕಳಿ ಹಾಕಿದ್ದು ಗೊತ್ತಾಗುವುದಿಲ್ಲ. ಮನುಷ್ಯನಿಗೆ ಗೊತ್ತಾಗುತ್ತದೆ. ಚೌಕ ಅವನ ಒಳಗೆ ಇಳಿಯುತ್ತದೆ, ಅವನ ದನಿ ತಗ್ಗಿಸುತ್ತದೆ, ಕಟ್ಟೆಯ ಮೇಲೆ ಕೂತ ಆಯಿಯಿಂದ "ಓದಬ್ಯಾಡ" ಎನಿಸುತ್ತದೆ. ಆ ಆಯಿಯ ಮುಂದೆ ನಿಂತು "ಜಾತಿ ಬರೀ ಕಲ್ಪನೆ" ಎಂದು ಹೇಳಿ ಹೋದರೆ ಅದು ಜ್ಞಾನವಲ್ಲ, ಕರುಣೆ ಇಲ್ಲದ ಮಾತು. ಮೆಟ್ಟಿಲು ಕಾಗದದ್ದೇ ಇರಬಹುದು. ಎಡವಿ ಬಿದ್ದ ಕಾಲು ನಮ್ಮದು.

"ಜಾತಿ ಕಾಲಮ್ಮೇ ತೆಗೆದುಬಿಡಿ, ಜಾತಿ ಹೋಗುತ್ತದೆ" ಎನ್ನುವವರಿದ್ದಾರೆ. ಬಹಳ ಸಲ ಅವರು ಮೇಲಿನ ಮೆಟ್ಟಿಲಿನ ಮೇಲೆ ಕೂತವರು. ವಿಜ್ಞಾನಿಗಳನ್ನು ಕೇಳಿ. ಲೆಕ್ಕ ಮಾಡದೆ ಚೌಕಳಿಯನ್ನು ಒಂದೇ ಏಟಿಗೆ ಕಿತ್ತು ಹಾಕಿದರೆ ಉತ್ತರ ಅನಂತ, ಅಂದರೆ ಉತ್ತರವೇ ಇಲ್ಲ. ಚೌಕ ಸಣ್ಣ ಮಾಡುತ್ತಾ, ಪ್ರತಿ ಸಲ ಬಲದ ಅಳತೆಯನ್ನು ಹೊಂದಿಸುತ್ತಾ, ಏನು ಕರಗಿತು ಏನು ಉಳಿಯಿತು ಎಂದು ಬರೆದಿಡುತ್ತಾ ಹೋಗಬೇಕು. ಎಣಿಸದೆ ಕರಗಿಸಲು ಬರುವುದಿಲ್ಲ. ಶಾಲೆ ಬಿಟ್ಟವರಲ್ಲಿ ಯಾರ ಮಕ್ಕಳು ಹೆಚ್ಚು, ಗಟಾರಕ್ಕೆ ಇಳಿಯುವವರು ಯಾರು, ಯಾರ ಹೆಸರಿನಲ್ಲಿ ಹೊಲ ಇಲ್ಲ, ಇದನ್ನು ಎಣಿಸಿದರೆ ಮಾತ್ರ ಅಂತರ ಕಡಿಮೆಯಾಗುತ್ತಿದೆಯೋ ಇಲ್ಲವೋ ತಿಳಿಯುತ್ತದೆ. ಆ ಕಾಲಂ ನಮಗೆ ನಡುಹೊಳೆಯ ತೆಪ್ಪ. ಆಚೆ ದಡ ಸಿಗುವವರೆಗೆ ಬಿಡುವಂತಿಲ್ಲ.

ಆದರೆ ಇನ್ನೊಂದು ತಪ್ಪು ನಮ್ಮದೇ ಇದೆ. ತೆಪ್ಪವನ್ನು ತಲೆಯ ಮೇಲೆ ಹೊತ್ತುಕೊಂಡವರು ನಮ್ಮಲ್ಲೂ ಇದ್ದಾರೆ. ಫಾರ್ಮ್ ತುಂಬುವಾಗ ಬರೆದ ಹೆಸರನ್ನು ಮನೆಗೆ ತಂದು ದೇವರ ಮಾಡದಲ್ಲಿ ಇಟ್ಟವರಿದ್ದಾರೆ. ಇಬ್ಬರೂ ದೀಕ್ಷೆ ಪಡೆದವರೇ ಆಗಿದ್ದರೂ ಬೀಗತನದ ಮಾತು ಬಂದಾಗ "ಅವ್ರು ಮೊದಲ ಯಾರು?" ಎಂದು ಮೆಲ್ಲಗೆ ಕೇಳುತ್ತಾರೆ. ಒಳಮೀಸಲಾತಿಯ ಚರ್ಚೆಯಲ್ಲಿ ಪಾಲು ಕೇಳುವುದು ನ್ಯಾಯ. ಅದೇ ನೆಪದಲ್ಲಿ ಒಬ್ಬರನ್ನೊಬ್ಬರು ಕೀಳು ಮಾಡಿ ಮಾತಾಡುವುದು ಯಾವ ನ್ಯಾಯ? ನನ್ನ ಮನೆಯಲ್ಲೂ ಒಮ್ಮೆ ಆ ಪ್ರಶ್ನೆ ಬಂದಿತ್ತು. ಆಗ ನಾನು ಸುಮ್ಮನಿದ್ದೆ. ಸುಮ್ಮನಿದ್ದದ್ದು ತಪ್ಪಾಯಿತು ಎಂದು ಇಲ್ಲಿ ಒಪ್ಪಿಕೊಳ್ಳುತ್ತೇನೆ.

ಹದಿನೈದು ಸುಳ್ಳು ಕಣಗಳು ಪುಕ್ಕಟೆ ಹೋಗುವುದಿಲ್ಲ ಎಂದೆನಲ್ಲ, ವಿಲ್ಸನ್ ಅದಕ್ಕೊಂದು ಉಪಾಯ ಮಾಡಿದರು. ಸಮೀಕರಣಕ್ಕೆ ಒಂದು ಪದ ಸೇರಿಸಿದರು. ಚೌಕ ಸಣ್ಣದಾದಷ್ಟೂ ಆ ಹದಿನೈದು ಭಾರವಾಗುತ್ತಾ ಹೋಗಿ ಕಡೆಗೆ ಆಟದಿಂದಲೇ ಹೊರಬೀಳುತ್ತವೆ. ಅದಕ್ಕೆ ಕೊಟ್ಟ ಬೆಲೆ ಎಂದರೆ, ಚೌಕಳಿ ಇರುವಷ್ಟು ಕಾಲ ಸಮೀಕರಣದ ಒಂದು ಚೆಂದದ ಗುಣ ಮುರಿದಿರುತ್ತದೆ. ಬೆಲೆ ಕೊಡದೆ ಸುಳ್ಳು ಕರಗುವುದಿಲ್ಲ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಲಕ್ಷಾಂತರ ಜನ ಹುಟ್ಟಿನಿಂದ ಬಂದದ್ದನ್ನು ಬಿಟ್ಟು ಬೆಲೆ ಕೊಟ್ಟರು. ನಮ್ಮ ಪಾಲಿನ ಬೆಲೆ ಯಾವುದು? ಬಹುಶಃ ಬೀಗತನದ ಆ ಪ್ರಶ್ನೆಯನ್ನು ಕೇಳದೆ ಇರುವುದು. ಕೇಳಿದವರ ಮುಂದೆ ಸುಮ್ಮನೆ ಕೂರದೆ ಇರುವುದು.

*ಇಂದಿನ ಅಭ್ಯಾಸ*

ಇವತ್ತು ಯಾರನ್ನಾದರೂ ನೋಡಿ ಮನಸ್ಸು "ಇವ್ರು ಹಿಂಗ" ಎಂದು ಚೌಕ ಹಾಕಿದ ಕೂಡಲೇ ಮೂರು ಪ್ರಶ್ನೆ ಕೇಳಿಕೊಳ್ಳೋಣ.

ಒಂದು: ಈ ಚೌಕ ಯಾವ ಕೆಲಸಕ್ಕೆ ಬೇಕು? ಹಕ್ಕು ಕೇಳಲು, ಲೆಕ್ಕ ಇಡಲು ಬೇಕಾದರೆ ಬಳಸೋಣ.

ಎರಡು: ಹತ್ತಿರ ಹೋಗಿ, ಕೂಡಿ ಕೂತು, ಕೂಡಿ ಉಂಡು ನೋಡಿದರೆ ಇದು ಕರಗುತ್ತದೆಯೇ? ಕರಗುವುದಾದರೆ ಅದು ನನ್ನ ಚೌಕಳಿಯದು, ಆ ಮನುಷ್ಯನದಲ್ಲ.

ಮೂರು: ನನ್ನ ತಪ್ಪಿನ ಅಂಚು ಎಷ್ಟು?

ಬಿಎಸ್‌ಸಿ ಹುಡುಗಿಗೆ ಉತ್ತರ: ಇಲ್ಲವಾ, ಆ ಫಾರ್ವರ್ಡ್ ಖರೇ ಅಲ್ಲ. ನೀನು ಕೇಳಿದ್ದು ಮಾತ್ರ ಬುದ್ಧನಿಗೆ ಒಪ್ಪುವ ಮಾತು.

ಆಯಿಗೆ ನನ್ನ ಹತ್ತಿರ ಇನ್ನೂ ಪೂರ್ತಿ ಉತ್ತರ ಇಲ್ಲ. ಆಯಿಯ ಮೊಮ್ಮಗಳು ಓದಿ ಮುಂದೆ ಬಂದು, ಅವಳ ಮಕ್ಕಳ ಕಾಲಕ್ಕೆ ಆ ಕಾಲಮ್ಮಿನ ಕೆಲಸ ಮುಗಿದಿರಲಿ. ಆಗ ಅದನ್ನು ಗಟ್ಟಿಯಾಗಿ ಓದಿದರೂ ಯಾರ ದನಿಯೂ ತಗ್ಗದಿರಲಿ.

ಭವತು ಸಬ್ಬ ಮಂಗಲಂ.
ಸಾಧು, ಸಾಧು, ಸಾಧು.

ಜೈ ಭೀಮ್ 🙏

(ಓದಿದವರು ಕೈ ಮುಗಿದು ಸುಮ್ಮನಾಗಬೇಡಿ. ಒಪ್ಪದಿದ್ದರೆ ಐತವಾರ ಬಂದು ಜಗಳ ಆಡಿ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಯ ಬಳಗಗಳಿಗೆ ಕಳಿಸಿ.)